ಮಗಳ ಬ್ಯಾಲೆನ್ಸ್‌ಗೆ ಒಂದು ಟೊಮೆಟೊ ಕ್ರೇಟ್

ನನ್ನ ಮಗಳಿಗೆ 4 ವರ್ಷ, ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಮೈ ಮೇಲೆ ಹಿಡಿತ ಕಷ್ಟ. ಕೋಲಾರದ ಮಂಡಿಗೆ ಟೊಮೆಟೊ ಹಾಕುವ ಮನೆ ನಮ್ಮದು, ಹಾಗಾಗಿ ಕೂತು ಬ್ಯಾಲೆನ್ಸ್ ಕಲಿಯುವ ವ್ಯಾಯಾಮಕ್ಕೆ ಅವಳ ಬೆಂಚು ಪ್ಲಾಸ್ಟಿಕ್ ಕ್ರೇಟು. ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆಯೇ ಶುರು ಮಾಡಿದ್ದು. ನೀವೂ ಮೊದಲು ಕೇಳಿ.

ಕ್ರೇಟನ್ನು ಗೋಡೆಗೆ ಒತ್ತಿಸಿ ಬೋರಲು ಹಾಕಿ, ಮೇಲೆ ಮಡಚಿದ ಗೋಣಿಚೀಲ. ಪಾದ ಪೂರ್ತಿ ಊರಬೇಕು. ನಮ್ಮವಳ ಕಾಲು ನೇತಾಡುತ್ತಿತ್ತು, ಕೆಳಗೆ ಮಣೆ ಇಟ್ಟೆ.

ಎದುರಿಗೆ ಕೂತು ಸೊಂಟದ ಎರಡೂ ಪಕ್ಕ ಹಿಡಿಯಿರಿ. ನಾನು ಮೊದಲು ಹೆಗಲು ಹಿಡಿಯುತ್ತಿದ್ದೆ. ಆಗ ಬ್ಯಾಲೆನ್ಸ್ ಮಾಡುವ ಕೆಲಸವೆಲ್ಲ ನನ್ನದೇ ಆಯ್ತು, ಅಲ್ವಾ? ಅವಳ ಅಣ್ಣ ಪಕ್ಕದಲ್ಲಿ, ಕೈಗೆ ಎಟುಕುವುದಕ್ಕಿಂತ ಸ್ವಲ್ಪ ಆಚೆ, ದೋರೆಗಾಯಿ ಟೊಮೆಟೊ ಹಿಡಿಯುತ್ತಾನೆ. (ಹಣ್ಣಾದದ್ದು ಕೊಟ್ಟರೆ ಹಿಚುಕಿಬಿಡುತ್ತಾಳೆ.) ಎಡಕ್ಕೆ, ಬಲಕ್ಕೆ, ಆಮೇಲೆ ಕೆಳಗೆ. ಅವಳು ವಾಲುತ್ತಾಳೆ. ತಕ್ಷಣ ಎತ್ತಬೇಡಿ. ಸೊಂಟ ಬಿಡದೆ ಎರಡು ಕ್ಷಣ ಕಾದರೆ ತಾನೇ ನೆಟ್ಟಗಾಗಲು ನೋಡುತ್ತಾಳೆ. ವ್ಯಾಯಾಮ ಅಂದರೆ ಅದೇ. ಆ ಹೊತ್ತಿಗೆ ಅಜ್ಜಿಯನ್ನು ಹೊರಗೆ ಕಳಿಸಿ, "ಅಯ್ಯೋ, ಮಗು ಬಿತ್ತು" ಅಂತ ಕೂಗಿಬಿಡ್ತಾರೆ.

ಕೂರುವುದು ಗಟ್ಟಿಯಾದ ಮೇಲೆ ಕ್ರೇಟಿನಿಂದ ಎದ್ದು ನಿಲ್ಲುವುದು. ಮೈ ಚೆನ್ನಾಗಿ ಮುಂದಕ್ಕೆ ಬಾಗಲಿ. ಸ್ಪ್ಲಿಂಟ್ (ಕಾಲಿಗೆ ಕಟ್ಟುವ ಆಸರೆ) ಕೊಟ್ಟಿದ್ದರೆ ಹಾಕಿಯೇ ಮಾಡಿಸಿ. ನಮಗೆ ಹೇಳಿದ್ದು ದಿನಕ್ಕೆ 2 ಸಲ, 10 ನಿಮಿಷ. ಜ್ವರ, ಫಿಟ್ಸ್ ಬಂದ ದಿನ ಬೇಡ. ನಿದ್ದೆಗಣ್ಣಲ್ಲಿ ಮಾಡಿಸಿದರೆ ಸುಮ್ನೆ ಜಗಳ.