ಹಡಗಿನ ಮೇಲಿಂದ ತಿಮಿಂಗಿಲ ನೋಡಲು ಎಂಥ ಬೈನಾಕ್ಯುಲರ್?

ಅಲಾಸ್ಕಾದ ಹಡಗು ಪ್ರವಾಸಕ್ಕೆ ಹೊರಟವರು 12×50ರ ಆಸೆ ಬಿಟ್ಟು 8×42 ಬೈನಾಕ್ಯುಲರ್ ಕೊಳ್ಳಿ. ಮೊದಲ ಅಂಕಿ ವರ್ಧನೆ, ಅಂದರೆ ದೃಶ್ಯ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು; ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ವರ್ಧನೆ ಹೆಚ್ಚಿದಷ್ಟೂ ಕೈಯ ನಡುಕ, ಎಂಜಿನ್ನಿನ ಅದುರು, ಅಲೆಯ ಓಲಾಟ ಎಲ್ಲವೂ ಅಷ್ಟೇ ಪಟ್ಟು ಹಿಗ್ಗುತ್ತವೆ, ನೋಟದ ಹರವು ಮಾತ್ರ ಕಿರಿದಾಗುತ್ತದೆ. ಹಂಪ್‌ಬ್ಯಾಕ್ ತಿಮಿಂಗಿಲ ಬಾಲವೆತ್ತಿ ಮುಳುಗುವುದು ಕೆಲವೇ ಕ್ಷಣಗಳ ಮಾತು. ಅಷ್ಟರಲ್ಲಿ ಅದನ್ನು ಹುಡುಕಿ ಹಿಡಿಯಲು ಅಗಲ ನೋಟವೇ ಬೇಕು. ಅಂಗಡಿಯಲ್ಲಿ ಇನ್ನೊಂದು ಲೆಕ್ಕವನ್ನೂ ಮಾಡಿ: ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 8×42ರಲ್ಲಿ ಅದು 5 ಮಿಲಿಮೀಟರಿಗಿಂತ ತುಸು ಹೆಚ್ಚು, ಜೇಬಿನಲ್ಲಿ ಹಿಡಿಸುವ 10×25ರಲ್ಲಿ ಕೇವಲ 2.5. ಈ ವೃತ್ತ ಅಗಲವಿದ್ದರೆ ಮಬ್ಬು ಬೆಳಕಿನಲ್ಲೂ ದೃಶ್ಯ ಬೆಳಗಿ ಕಾಣುತ್ತದೆ; ಮೋಡ ಕವಿದ ಗ್ಲೇಸಿಯರ್ ಬೇ ಕೊಲ್ಲಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ. ಕನ್ನಡಕ ಹಾಕುವವರು ಕಣ್ಣಿಗೂ ಮಸೂರಕ್ಕೂ ಕನಿಷ್ಠ 15 ಮಿಲಿಮೀಟರ್ ಅಂತರ ಇಟ್ಟರೂ ಪೂರ್ತಿ ದೃಶ್ಯ ಕಾಣುವಂಥದ್ದನ್ನೇ ಕೇಳಿ ಪಡೆಯಿರಿ; ಇಲ್ಲದಿದ್ದರೆ ಎಷ್ಟು ದುಡ್ಡು ಕೊಟ್ಟರೂ ನಡುವಿನ ತುಣುಕಷ್ಟೇ ಕಾಣುತ್ತದೆ. ಒಳಗೆ ನೈಟ್ರೋಜನ್ ತುಂಬಿದ, ನೀರು ನುಗ್ಗದ ಮಾದರಿ ಇರಲಿ, ಒಳಮಸೂರ ಮಂಜಾಗುವುದಿಲ್ಲ. ಹೊರಮಸೂರದ ಮಂಜನ್ನು ಅದು ತಡೆಯದು. ತಣ್ಣನೆಯ ಡೆಕ್ಕಿನಿಂದ ಬೆಚ್ಚಗಿನ ಕೋಣೆಗೆ ಒಯ್ಯುವಾಗ ಚೀಲದೊಳಗೇ ಇಡಿ. ದೂರದ ದಡದ ಕರಡಿಗೆ, ಬಂಡೆಯ ನೆತ್ತಿಯ ಬೆಟ್ಟದ ಮೇಕೆಗೆ 8 ಪಟ್ಟು ಸಾಲದು. ಅದೇ ನಿಮ್ಮ ಮುಖ್ಯ ಆಸಕ್ತಿಯಾದರೆ ಚಿತ್ರವನ್ನು ಸ್ಥಿರವಾಗಿ ಹಿಡಿಯುವ ಬ್ಯಾಟರಿಚಾಲಿತ 10× ಅಥವಾ 12× ಒಳ್ಳೆಯದು, ಬೆಲೆ ಮಾತ್ರ ಹಲವು ಪಟ್ಟು. ಜೂಮ್ ಬೈನಾಕ್ಯುಲರ್ ಅನ್ನು ದಯವಿಟ್ಟು ಕೊಳ್ಳಬೇಡಿ.