ಎರಡು ಸೀಸನ್ ನಡುವಿನ ಮೂರು ರಾತ್ರಿ: ಬೇಟೆ ಕಾಲದ ಕಾಡಿನಲ್ಲಿ ನನ್ನ ಅನುಭವ

ಸೆಪ್ಟೆಂಬರ್ ಬಂತೆಂದರೆ ಡೆನ್ವರಿನ ನಮ್ಮ ಟ್ರೆಕ್ಕಿಂಗ್ ಬಳಗ ಟೆಂಟ್ ಮಡಚಿ ಅಟ್ಟಕ್ಕೆ ಹಾಕುತ್ತದೆ. ಬೇಟೆ ಶುರುವಾಯಿತು, ಇನ್ನು ಮುಂದಿನ ಜೂನ್‌ಗೇ ಕಾಡು ಅನ್ನುವುದು ಎಲ್ಲರ ಮಾತು. ನಾನು ಒಪ್ಪಲಿಲ್ಲ. ಸೊಳ್ಳೆ ಇಲ್ಲ, ಮಧ್ಯಾಹ್ನದ ಗುಡುಗು ಕಡಿಮೆ, ದಾರಿಯಲ್ಲಿ ಜನವೂ ಇಲ್ಲ. ಕೊಲೊರಾಡೊ ಕಾಡು ಚೆಂದ ಇರುವುದೇ ಆಗ. ಕೆಲವು ವರ್ಷಗಳಿಂದ ಫ್ಲ್ಯಾಟ್ ಟಾಪ್ಸ್ ವೈಲ್ಡರ್‌ನೆಸ್‌ನಲ್ಲಿ ಅಕ್ಟೋಬರ್, ನವೆಂಬರ್‌ನಲ್ಲೇ ಟೆಂಟ್ ಹಾಕುತ್ತಿದ್ದೇನೆ. ಅದೂ ರಾಜ್ಯದಲ್ಲೇ ಅತಿ ದೊಡ್ಡ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹಿಂಡು ಇರುವ, ಬೇಟೆಗಾರರು ಮುಗಿಬೀಳುವ ಜಾಗ. ಹುಚ್ಚು ಎಂದವರೇ ಈಗ ಫೋನ್ ಮಾಡಿ ದಿನಾಂಕ ಕೇಳುತ್ತಾರೆ.

ದಿನಾಂಕದಲ್ಲೇ ಎಲ್ಲ ಇರುವುದು. ರೈಫಲ್ ಬೇಟೆ ಇಲ್ಲಿ ನಾಲ್ಕು ಸೀಸನ್. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಇರುತ್ತದೆ. 2025ರಲ್ಲಿ ಮೊದಲನೆಯದು ಅಕ್ಟೋಬರ್ 19ಕ್ಕೆ ಮುಗಿಯಿತು, ಎರಡನೆಯದು 25ಕ್ಕೆ ಶುರುವಾಯಿತು. ಅದು ನವೆಂಬರ್ 2ಕ್ಕೆ ಮುಗಿದರೆ ಮೂರನೆಯದು 8ಕ್ಕೆ. ತಾರೀಕು ವರ್ಷ ವರ್ಷ ಬದಲಾಗುತ್ತದೆ, ರಾಜ್ಯದ ವನ್ಯಜೀವಿ ಇಲಾಖೆಯ ಪುಸ್ತಿಕೆ ನೋಡಲೇಬೇಕು. ಬಿಡುವಿನ ಅಷ್ಟೂ ದಿನ ನಮಗಲ್ಲ. ಮೊದಲ ದಿನ ಮಾಂಸ ಹೊತ್ತ ಕುದುರೆಗಳು ಇಳಿಯುತ್ತವೆ, ದಾರಿ ಕೆಸರು ಗದ್ದೆ. ಕೊನೆಯ ಎರಡು ದಿನ ಮುಂದಿನ ಸೀಸನ್‌ನ ಬೇಟೆಗಾರರು ಡೇರೆ ಹೊತ್ತು ಹತ್ತುತ್ತಾರೆ, ದುರ್ಬೀನು ಹಿಡಿದು ಎಲ್ಕ್ ಹುಡುಕುತ್ತಾರೆ. ನಡುವೆ ಮೂರು ರಾತ್ರಿ ಸಿಗುತ್ತವೆ. ಆ ಮೂರು ರಾತ್ರಿ ಇಡೀ ಕಣಿವೆ ನಮ್ಮದು.

ಹಾಗೆಂದು ಕೋವಿಯೇ ಇಲ್ಲ ಅಂತಲ್ಲ. ಗ್ರೌಸ್ ಹಕ್ಕಿ ಹೊಡೆಯುವವರು ಆಗಲೂ ಓಡಾಡುತ್ತಿರುತ್ತಾರೆ. ಹಾಗಾಗಿ ಕಿತ್ತಳೆ ಬಣ್ಣ ಮೈಮೇಲಿಂದ ಇಳಿಯಬಾರದು. ರೈಫಲ್ ಬೇಟೆಗಾರರಿಗೆ ಟೋಪಿಯೂ ಸೇರಿ 500 ಚದರ ಇಂಚು ಮಿಂಚು ಕಿತ್ತಳೆ ಅಥವಾ ಮಿಂಚು ಗುಲಾಬಿ ಬಟ್ಟೆ ಕಡ್ಡಾಯ. ನಡೆಯುವವರಿಗೆ ಕಡ್ಡಾಯವಿಲ್ಲ, ಆದರೂ ನಾನು ಅದೇ ಲೆಕ್ಕ ಇಟ್ಟುಕೊಂಡಿದ್ದೇನೆ.

ಇದಕ್ಕೆ ದುಡ್ಡು ಹೋದ ರೀತಿ ಕೇಳಿ. ಹತ್ತು ಹನ್ನೆರಡು ಡಾಲರಿನ ವೆಸ್ಟ್ ತಂದೆ. ಬ್ಯಾಗ್ ಬೆನ್ನಿಗೇರಿದ ಕೂಡಲೇ ಹಿಂದಿನಿಂದ ವೆಸ್ಟೇ ಕಾಣುವುದಿಲ್ಲ. ಬ್ಯಾಗಿನ ಮೇಲೆ ಹಾಕಲು ಮಳೆಕವರ್ ತಂದೆ, ಸುಮಾರು ಮೂವತ್ತು. ಅಂಗಡಿಯ ದೀಪದಲ್ಲಿ ಕೆಂಡದಂತಿದ್ದದ್ದು ಮೋಡ ಕವಿದಾಗ ಮಣ್ಣಿನ ಬಣ್ಣ. ಕೊನೆಗೆ ಬಟ್ಟೆ ಅಂಗಡಿಯಲ್ಲಿ ಫ್ಲೋರೊಸೆಂಟ್ ಬಟ್ಟೆಯನ್ನೇ ಗಜದ ಲೆಕ್ಕದಲ್ಲಿ ಕೊಂಡು, ಮನೆಯ ಮಿಷನ್‌ನಲ್ಲಿ ಎಲಾಸ್ಟಿಕ್ ಸೇರಿಸಿ ಹೊಲಿದೆ. ಹದಿನೈದು ಡಾಲರ್ ಒಳಗೇ ಆಯಿತು. ಬ್ಯಾಗನ್ನು ಎಲ್ಲ ಕಡೆಯಿಂದ ಮುಚ್ಚುತ್ತದೆ. ಹೊಲಿಗೆಯಲ್ಲಿ ಒಂದು ಜಾಣತನ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಉಳಿದ ಬಟ್ಟೆ ಟೆಂಟಿನ ನೆತ್ತಿಗೆ. ಹಗುರ ಟೆಂಟ್‌ಗಳೆಲ್ಲ ಬೂದಿಯೋ ಹಸಿರೋ ಆಗಿರುತ್ತವೆ, ಕಾಡಿನಲ್ಲಿ ಕರಗಿ ಹೋಗುತ್ತವೆ. ಬಿಳಿ ಟವೆಲ್, ಬಿಳಿ ಕರ್ಚೀಫು ಮಾತ್ರ ಬೇಡವೇ ಬೇಡ. ಮ್ಯೂಲ್ ಡಿಯರ್ ಜಿಂಕೆಯ ಹಿಂಭಾಗ ಬಿಳಿ, ಗೊತ್ತಲ್ವಾ?

ಕಿತ್ತಳೆಯೋ ಗುಲಾಬಿಯೋ ಎಂದು ಒಂದು ಪರೀಕ್ಷೆಯನ್ನೂ ಮಾಡಿದೆವು. ಕೊಡಗಿನ ಗೆಳೆಯ ಇನ್ನೂರು ಗಜ ದೂರ ನಿಂತ, ನಾನು ನೋಡಿದೆ. ಸ್ಪ್ರೂಸ್ ಮರಗಳ ಮುಂದೆ ಕಿತ್ತಳೆಯೇ ರಾಜ. ಆದರೆ ಸೆಪ್ಟೆಂಬರ್ ಕೊನೆಗೆ ಆಸ್ಪೆನ್ ಎಲೆ ಹಳದಿಯಾದಾಗ, ಸಂಜೆ ಬಿಸಿಲಿನಲ್ಲಿ, ಕಿತ್ತಳೆ ಎಲೆಗಳೊಳಗೇ ಸೇರಿಹೋಯಿತು. ಗುಲಾಬಿ ಮಾತ್ರ ಕಣ್ಣಿಗೆ ಹೊಡೆಯುತ್ತಿತ್ತು. ಅಂದಿನಿಂದ ನನ್ನ ಟೋಪಿ ಗುಲಾಬಿ.

ಸೆಪ್ಟೆಂಬರ್ ಬಿಲ್ಲುಗಾರರ ತಿಂಗಳು. ನಡುವೆ ಒಂದು ವಾರದಷ್ಟು ಕೇಪಿನ ಕೋವಿಯವರೂ (ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ) ಸೇರುತ್ತಾರೆ. ಬಿಲ್ಲಿನವರಿಗೆ ಕಿತ್ತಳೆಯ ನಿಯಮ ಇಲ್ಲ, ತಲೆಯಿಂದ ಕಾಲಿನವರೆಗೆ ಎಲೆ ಬಣ್ಣ. ಒಮ್ಮೆ ಎಲ್ಕ್ ಕೂಗು ಕೇಳಿ ಖುಷಿಯಿಂದ ನಿಂತೆ. ಶಿಳ್ಳೆಯಂತೆ ಏರಿ, ಕೊನೆಗೆ ಗೊರಗೊರ ಎಂದು ಇಳಿಯುವ ಕೂಗು. ಪೊದೆಯಿಂದ ಎದ್ದು ಬಂದದ್ದು ಮುಖಕ್ಕೆ ಮಸಿ ಬಳಿದುಕೊಂಡ ಮನುಷ್ಯ, ಬಾಯಲ್ಲಿ ಪೀಪಿ. ಪಾಪ, ಮುಂಜಾನೆಯಿಂದ ಮರಸು ಕೂತಿದ್ದನಂತೆ. ಒಳ್ಳೆಯವನು, ನಕ್ಷೆ ಬಿಡಿಸಿ ಯಾವ ಯಾವ ದಿಣ್ಣೆಯಲ್ಲಿ ತನ್ನವರಿದ್ದಾರೆ ಎಂದು ತೋರಿಸಿದ. ಈಗ ಕೂಗು ಕೇಳಿದರೆ ಅತ್ತ ಹೋಗುವುದಿಲ್ಲ. ನಿಂತು, ಜೋರಾಗಿ ಮಾತಾಡಿ, ಮುಂದೆ ನಡೆಯುತ್ತೇನೆ.

ಗುಂಡು ಹಾರಿಸಲು ಅನುಮತಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ. ಈಡು ಜಾಸ್ತಿ ಕೇಳುವುದು ಆ ಎರಡು ತುದಿಗಳಲ್ಲಿ, ಪ್ರಾಣಿ ಓಡಾಡುವುದೂ ಆಗಲೇ. ನನ್ನ ನಡಿಗೆ ಒಂಬತ್ತೂವರೆಯಿಂದ ಮೂರೂವರೆ. ಉಳಿದ ಹೊತ್ತು ಟೆಂಟ್ ಹತ್ತಿರ, ದೀಪ ಹಚ್ಚಿ. ದಿನಕ್ಕೆ ಆರೇಳು ಮೈಲಿ, ಸಾಕು. ಒಂದೇ ಕಡೆ ರೇವನ್ ಕಾಗೆಗಳು ಸುತ್ತುತ್ತಿದ್ದರೆ ಅಲ್ಲಿ ಬೇಟೆಗಾರರು ಬಿಟ್ಟ ಪ್ರಾಣಿಯ ಕರುಳು ಬಿದ್ದಿದೆ ಎಂದೇ ಅರ್ಥ. ಹಿಂದೆಯೇ ಕರಡಿ ಬರುತ್ತದೆ. ಚಳಿಗಾಲದ ಮೊದಲು ಅದು ದಿನಕ್ಕೆ ಇಪ್ಪತ್ತು ಸಾವಿರ ಕ್ಯಾಲೊರಿವರೆಗೆ ತಿನ್ನುತ್ತದೆ. ಅಂಥ ಕಡೆ ಮಲಗುವ ಮಾತೇ ಇಲ್ಲ, ಇನ್ನೊಂದು ಕಣಿವೆಗೆ ದಾಟುತ್ತೇನೆ.

ಕೋವಿಗಿಂತ ಕಾಡಿದ್ದು ಚಳಿ. ನಲವತ್ತು ಡಾಲರಿನ ನೀರಿನ ಫಿಲ್ಟರ್ ಒಂದೇ ರಾತ್ರಿಯಲ್ಲಿ ಹೆಪ್ಪುಗಟ್ಟಿ ಹೋಯಿತು. ಒಳಗಿನ ಎಳೆ ಸೀಳಿದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಈಗ ಮೂರು ನಿಮಿಷ ಕುದಿಸಿಯೇ ಕುಡಿಯುವುದು. ಅದಕ್ಕೆ ಗ್ಯಾಸ್ ಜಾಸ್ತಿ ಬೇಕು, ಸಿಲಿಂಡರನ್ನು ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಂಡು ಮಲಗಬೇಕು. ಆ ಸ್ಲೀಪಿಂಗ್ ಬ್ಯಾಗಿಗೆ ಮುನ್ನೂರರ ಮೇಲೆ ಹೋಯಿತು, ಊಟ ಇಡಲು ಕರಡಿಗೆ ತೆರೆಯಲಾಗದ ಡಬ್ಬಕ್ಕೆ ಎಂಬತ್ತು, ಸ್ಯಾಟಲೈಟ್ ಮೆಸೇಜ್‌ಗೆ ತಿಂಗಳಿಗೆ ಹದಿನೈದರಷ್ಟು. ಹನ್ನೊಂದು ಸಾವಿರ ಅಡಿಯಲ್ಲಿ ನೀರು ತೊಂಬತ್ತು ಡಿಗ್ರಿಯ ಒಳಗೇ ಕುದಿಯುತ್ತದೆ, ಅಕ್ಕಿ ಬೇಗ ಬೇಯುವುದಿಲ್ಲ. ಉಪ್ಪಿಟ್ಟಿನ ಪ್ಯಾಕೆಟ್, ನೂಡಲ್ಸ್ ಎಲ್ಲ ನೋಡಿದೆ. ಗೆದ್ದದ್ದು ಗಟ್ಟಿ ಅವಲಕ್ಕಿ, ಹುಳಿಯನ್ನದ ಗೊಜ್ಜು, ಮೇಲೆ ಒಂದು ಚಮಚ ತುಪ್ಪ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಐದು ನಿಮಿಷ.

ನಾನು ಟೆಂಟ್ ಹಾಕುವ ಕೆರೆಯ ಹೆಸರು ಕೇಳಬೇಡಿ. ಎಲ್ಲರಿಗೂ ಗೊತ್ತಿರುವ ಅಲ್ಲಿನ ಟ್ರ್ಯಾಪರ್ಸ್ ಲೇಕ್ ಅಲ್ಲ ಎಂದಷ್ಟೇ ಹೇಳುತ್ತೇನೆ. ಮುಂದಿನ ಪ್ರಯತ್ನ ಮೂರನೇ ಮತ್ತು ನಾಲ್ಕನೇ ಸೀಸನ್ ನಡುವಿನದು. ಬಿಡುವು ಬರೀ ಎರಡು ದಿನ, ಮೇಲಿಂದ ಹಿಮ, ಮಣ್ಣು ರಸ್ತೆ ತೆರೆದಿರುತ್ತದೋ ಇಲ್ಲವೋ. ಹಿಮದಲ್ಲಿ ಕಾಲು ಹೂತುಹೋಗದಂತೆ ಕಟ್ಟಿಕೊಳ್ಳುವ ಸ್ನೋಶೂ ಬಾಡಿಗೆಗೆ ಈಗಲೇ ಹೇಳಿಟ್ಟಿದ್ದೇನೆ.