ಗೋಡೆಯ ಬೂಸ್ಟನ್ನು ಸಹಿಸಿಕೊಳ್ಳಬೇಡಿ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಚಳಿಗಾಲದಲ್ಲಿ ನಮ್ಮವರ ಬಾಡಿಗೆ ಮನೆಗೆ ಹೋದರೆ ನನ್ನ ಕಣ್ಣು ಬೀರುವಿನ ಹಿಂದಿನ ಗೋಡೆಗೇ ಹೋಗುತ್ತದೆ. ಮೂಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಉಬ್ಬಿ ನಿಂತ ಬಣ್ಣ, ಒದ್ದೆ ವಾಸನೆ. "ಓನರ್‌ಗೆ ಹೇಳಿದ್ರಾ?" ಅಂತ ಕೇಳಿದರೆ ಬರುವ ಉತ್ತರ, "ಬಿಡಿ, ಸುಮ್ನೆ ಯಾಕೆ ತಲೆನೋವು. ನಾವೇ ಒರೆಸ್ಕೋತೀವಿ."

ನಾವು ಹೀಗೆ ಬೆಳೆದವರು, ಅಲ್ವಾ? ಊರಲ್ಲಿ ಓನರ್ ಮಹಡಿ ಮೇಲೇ ಇರುತ್ತಿದ್ದರು. ನಲ್ಲಿ ಸೋರಿದರೆ ನಾವೇ ಪ್ಲಂಬರ್ ಕರೆಸಿ ದುಡ್ಡು ಕೊಡುತ್ತಿದ್ದೆವು. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡರೂ ಸುಮ್ಮನಿರುತ್ತಿದ್ದೆವು. ಇಲ್ಲಿ ಆ ರೂಢಿ ಬಿಡಿ. ಗೋಡೆ, ಚಾವಣಿ, ಮಳೆನೀರು ಇಳಿಸುವ ಚಾವಣಿಯಂಚಿನ ಗಟರ್, ಪೈಪು, ಬಾಯ್ಲರ್, ಬಿಸಿನೀರು ಇವನ್ನೆಲ್ಲ ಸರಿಯಾಗಿ ಇಡಬೇಕಾದವರು ಓನರ್. 1985ರ ಬಾಡಿಗೆ ಕಾನೂನಿನ 11ನೇ ಸೆಕ್ಷನ್ ಹೇಳುವುದು ಇದನ್ನೇ. ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಅನ್ನುವ 2018ರ ಕಾನೂನೂ ಇದೆ.

ಆದರೆ ಮನೆಯೊಳಗಿನ ತೊಂದರೆಯನ್ನು ನೀವು ತಿಳಿಸಿದ ಮೇಲೆಯೇ ಅವರ ಹೊಣೆ ಶುರು. ಏಜೆಂಟ್‌ಗೆ ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಇಮೇಲ್ ಮಾಡಿ. ಯಾವ ಕೋಣೆ, ಯಾವ ಗೋಡೆ, ಯಾವತ್ತಿನಿಂದ ಅಂತ ಬರೆದು ಫೋಟೋ ಹಾಕಿ. ಮಳೆ ಬಂದ ಮರುದಿನ ಅದೇ ಜಾಗದ ಇನ್ನೊಂದು ಫೋಟೋ ತೆಗೆದಿಡಿ.

ಆಗ ಓನರ್ ಕಡೆಯಿಂದ ಒಂದು ಮಾತು ಬರಬಹುದು: "ನೀವು ಜಾಸ್ತಿ ಅಡುಗೆ ಮಾಡ್ತೀರಿ, ಬಟ್ಟೆ ಒಳಗೆ ಒಣಗಿಸ್ತೀರಿ." ಇದನ್ನು ಕೇಳಿ ನಮ್ಮವರು ಏನೋ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕುಕ್ಕರ್ ಇಟ್ಟಾಗ ಫ್ಯಾನ್ ಹಾಕಿ, ಸ್ನಾನವಾದ ಮೇಲೆ ಕಿಟಕಿ ತೆಗೆಯಿರಿ, ಅಷ್ಟು ನಮ್ಮ ಕೆಲಸ. ಕಿಟಕಿ ಗಾಜಿನ ಮೇಲೆ ಬೆಳಿಗ್ಗೆ ನಿಲ್ಲುವ ನೀರು ಬಹುಪಾಲು ಒಳಗಿನ ಹಬೆಯದ್ದು. ಮಳೆ ಬಂದಾಗಲೆಲ್ಲ ಹೊರಗೋಡೆಯ ಒಂದೇ ಜಾಗ ಒದ್ದೆಯಾಗುತ್ತಿದ್ದರೆ ಅದಕ್ಕೂ ನಿಮ್ಮ ಸಾರಿಗೂ ಸಂಬಂಧವಿಲ್ಲ. ಗಟರ್ ಒಡೆದಿದೆಯಾ ನೋಡಿಸಿ. ಫ್ಯಾನೇ ಇಲ್ಲದ, ಹೀಟಿಂಗ್ ಕೆಟ್ಟ ಮನೆಯಲ್ಲಿ ಹಬೆಯಿಂದ ಬೂಸ್ಟು ಬಂದರೂ ಓನರ್ ಸುಲಭವಾಗಿ ಕೈತೊಳೆದುಕೊಳ್ಳುವಂತಿಲ್ಲ.

ಮ್ಯಾಂಚೆಸ್ಟರ್ ಹತ್ತಿರದ ರಾಚ್‌ಡೇಲ್‌ನ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಮನೆಯ ಬೂಸ್ಟೇ ಕಾರಣ ಅಂತ ವಿಚಾರಣೆಯಲ್ಲಿ ತೀರ್ಮಾನವಾಯಿತು. ಸುಡಾನಿನಿಂದ ಬಂದ ಆ ತಂದೆತಾಯಿ ದೂರು ಕೊಟ್ಟಿದ್ದರು. ಮನೆ ಕೊಟ್ಟ ಸಂಸ್ಥೆಯವರು ಅವರ ಬದುಕುವ ರೀತಿಯ ಮೇಲೆಯೇ ತಪ್ಪು ಹೊರಿಸಿದರು. ಬೂಸ್ಟಿನ ದೂರನ್ನು ಗೊತ್ತುಮಾಡಿದ ದಿನಗಳೊಳಗೆ ನೋಡಿ ಸರಿಪಡಿಸಬೇಕು ಅನ್ನುವ, ಅವನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಸರ್ಕಾರಿ ಮತ್ತು ಹೌಸಿಂಗ್ ಅಸೋಸಿಯೇಷನ್ (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಮನೆಗಳಿಗೆ ಜಾರಿಯಲ್ಲಿದೆ.

ಓನರ್ ಕೇಳದಿದ್ದರೆ ಕೌನ್ಸಿಲ್‌ನ (ನಮ್ಮ ಊರಿನ ನಗರಸಭೆಯ ಹಾಗೆ) ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ಬರೆಯಿರಿ. ಅವರು ಬಂದು ನೋಡಿ ರಿಪೇರಿಗೆ ನೋಟಿಸ್ ಕೊಡಬಹುದು. ಸಿಟ್ಟಿನಲ್ಲಿ ಬಾಡಿಗೆ ಮಾತ್ರ ನಿಲ್ಲಿಸಬೇಡಿ, ಮನೆಯೇ ಕೈತಪ್ಪೀತು. ಡೆಪಾಸಿಟ್ ಕಾಗದ, ಓನರ್ ಕೊಡುವ ಗ್ಯಾಸ್ ಸುರಕ್ಷತೆಯ ಸರ್ಟಿಫಿಕೇಟ್ ಒಂದು ಫೈಲಿನಲ್ಲಿರಲಿ. ದೂರು ಕೊಟ್ಟರೆ ಓಡಿಸುತ್ತಾರೆ ಅನ್ನುವ ಹೆದರಿಕೆ ಸುಳ್ಳೇನೂ ಆಗಿರಲಿಲ್ಲ. ಆದರೆ ಕಾರಣ ಹೇಳದೆ ಖಾಲಿ ಮಾಡಿಸುವ ಸೆಕ್ಷನ್ 21 ಖಾಸಗಿ ಬಾಡಿಗೆ ಮನೆಗಳಲ್ಲಿ 2026ರ ಮೇ 1ರಿಂದ ರದ್ದು.

ನಾವು ಈ ದೇಶದಲ್ಲಿ ಅತಿಥಿಗಳು ಅನ್ನುವ ಭಾವನೆ ಬೇಗ ಹೋಗುವುದಿಲ್ಲ. ಆದರೆ ಇಲ್ಲೇ ಶಾಲೆಗೆ ಹೋಗುವ ಮಕ್ಕಳಿಗೆ ಇದೇ ಊರು, ಇದೇ ಮನೆ. ಅಜ್ಜಿಮನೆಯ ಅಂಗಳವನ್ನಂತೂ ನಾವು ಅವರಿಗೆ ಇಲ್ಲಿ ಕೊಡಲಾರೆವು, ಮಲಗಲು ಒಣಗಿದ ಕೋಣೆಯಾದರೂ ಇರಲಿ. ಮಗುವಿನ ಕೆಮ್ಮು ನಿಲ್ಲುತ್ತಿಲ್ಲ ಅಂತ ಜಿಪಿ (ನೀವು ಹೆಸರು ನೋಂದಾಯಿಸಿದ ಡಾಕ್ಟರ್) ಹತ್ತಿರ ಹೋದಾಗ ಗೋಡೆಯ ಫೋಟೋವನ್ನೂ ತೋರಿಸಿ, ರೆಕಾರ್ಡಿನಲ್ಲಿ ಬರೆದುಕೊಳ್ಳಲು ಹೇಳಿ. ಏಜೆಂಟ್‌ಗೆ ಬರೆಯುವ ಮುಂದಿನ ಇಮೇಲಿನಲ್ಲಿ ಅದೂ ಒಂದು ಸಾಲು ಇರಲಿ.